ಹಲ್ಲು ಕಟ್ಟುವವಳ ಅರ್ಜಿ

ಮನೆಯಿಂದ,
ತಾರೀಖು ೧೭, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಯಜಮಾನತಿಯವರ ಸನ್ನಿಧಾನಕ್ಕೆ,

ಕಳೆದ ಒಂಬತ್ತು ದಿನಗಳಿಂದ ಇಡೀ ಕುಟುಂಬವನ್ನು ತಲ್ಲಣಗೊಳಿಸಿದ್ದ ಸ್ಟೇಪ್ಲರ್ ಪತ್ತೆಯಾಗಿದೆ ಎಂದು ಈ ಮೂಲಕ ಲೋಕಕ್ಕೆ ಸಾರುತ್ತಿದ್ದೇನೆ. ಅದು ಈರುಳ್ಳಿ ಬುಟ್ಟಿಯಲ್ಲಿತ್ತು. ಅಲ್ಲಿ ಇಟ್ಟವರಾರು ಎಂಬ ವಿಚಾರಣೆಯನ್ನು, ಸಾಕ್ಷ್ಯವೆಲ್ಲ ನನ್ನತ್ತಲೇ ಬೆರಳು ಮಾಡುತ್ತಿರುವುದರಿಂದ, ಮುಂದೂಡಲಾಗಿದೆ. ಅದಿರಲಿ, ನೀನು ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತೇ? ದಿನವಿಡೀ ಇಂಗ್ಲಿಷ್ ಮಾತಾಡಿ ಗಂಟಲು ಕಟ್ಟಿಲ್ಲ ತಾನೆ? ಶನಿವಾರದ ಪರೀಕ್ಷೆ ಮುಗಿಯುವವರೆಗೆ ಫೋನ್ ಮುಟ್ಟುವುದಿಲ್ಲ ಎಂದು ನೀನು ಅಕ್ಕನ ಮನೆಯಲ್ಲಿ ಕೂತು ಆಜ್ಞೆ ಹೊರಡಿಸಿರುವುದರಿಂದ ಈ ಪತ್ರ ನಿನ್ನ ಭಾವನ ಕೈಯಲ್ಲಿ ಬರುತ್ತಿದೆ. ಕೆಲಸದ ಮೇಲೆ ಬಂದವರು ಇಂದು ಮಧ್ಯಾಹ್ನ ಹೊರಡುತ್ತಾರೆ. ಮಗಳು ಚೆನ್ನಾಗಿದ್ದಾಳೆ. ನನ್ನ ಅಡುಗೆಯನ್ನು ಬಾಯ್ತುಂಬ ಹೊಗಳಿ, ಊಟಕ್ಕೆ ಪಕ್ಕದ ಮನೆಗೆ ಹೋಗುತ್ತಾಳೆ.

ಇನ್ನು ನಮ್ಮ ವಲಸೆ ಸಲಹೆಗಾರ್ತಿ ಪಾಯಿಂಟಮ್ಮನವರ ವಿಷಯ. ಹಲ್ಲಿನ ಲ್ಯಾಬಿನಲ್ಲಿ ಹನ್ನೊಂದು ವರ್ಷ ನೀನು ಏನು ಕೆಲಸ ಮಾಡಿದೆ ಎಂದು ಒಂದು ಪುಟ ಬರೆದು, ಲ್ಯಾಬ್ ಯಜಮಾನರ ಸಹಿ ಹಾಕಿಸಿಕೊಡಿ ಎಂದಿದ್ದರಲ್ಲ. ವಾರಕ್ಕೊಂದು ನಗೆಬರಹ ಬರೆದು ಹೊಟ್ಟೆ ಹೊರೆಯುವವನ ಕೈಗೆ ಇಂಥ ಕೆಲಸ ಕೊಡಬಾರದಿತ್ತು. ನಾಲ್ಕು ಪುಟ ಬರೆದೆ. ‘ಬೊಚ್ಚುಬಾಯಿಗಳ ಬಾಳಿಗೆ ಬೆಳದಿಂಗಳಾದವಳು’ ಎಂದೇ ಆರಂಭ. ಆಕೆ ಓದಿ, ಕನ್ನಡಕ ಮೇಲೇರಿಸಿ, “ಸಾರ್, ಇದು ಸನ್ಮಾನಪತ್ರ. ಚೌಕಟ್ಟು ಹಾಕಿಸಿ ಗೋಡೆಗೆ ಹಾಕ್ಕೊಳ್ಳಿ. ನಂಗೆ ಬೇಕಾಗಿರೋದು ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡ್ತಾರೆ ಅಂತ. ನಿಮಗೆ ಗೊತ್ತಿದೆ ತಾನೆ?” ಎಂದರು. ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ನಿನ್ನ ಊಟದ ಡಬ್ಬಿ ಕಟ್ಟಿಕೊಟ್ಟವನಿಗೆ, ಆ ಡಬ್ಬಿ ಯಾವ ಮೇಜಿನ ಮೇಲೆ ತೆರೆಯುತ್ತದೆ ಎಂಬುದೂ ಗೊತ್ತಿರಲಿಲ್ಲ.

ಹಾಗಾಗಿ ನಿನ್ನೆ ಇಡೀ ದಿನ ಲ್ಯಾಬಿನಲ್ಲಿ ನಿನ್ನ ಸ್ಟೂಲಿನ ಮೇಲೆ ಕೂತೆ. ಅದಕ್ಕೆ ಬೆನ್ನು ಆನಿಸಲು ಏನೂ ಇಲ್ಲ, ಯಾವತ್ತಾದರೂ ಹೇಳಿದ್ದೆಯಾ? ನಿನ್ನನ್ನು ಅಕ್ಕ ಎಂದೇ ಕರೆಯುವ ಪ್ಲಾಸ್ಟರ್ ಕಲಸುವವರು ಎಲ್ಲವನ್ನೂ ತೋರಿಸಿದರು. “ಸುಲಭದ ಬಾಯೆಲ್ಲ ನಮಗೆ ಸಾರ್, ಕೆಟ್ಟ ಬಾಯಿ ಬಂದ್ರೆ ಅಕ್ಕನ ಟೇಬಲ್ಲಿಗೆ. ಮನೇಲೂ ಹಾಗೇ ಇರಬೇಕು” ಎಂದು ನನ್ನನ್ನು ನೋಡಿ ನಕ್ಕರು. ಮಧ್ಯಾಹ್ನ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಹೆಂಡತಿಯೊಂದಿಗೆ ಬಂದರು, ನೀನು ಹೋಗುವ ಮುಂಚೆ ಮುಗಿಸಿಟ್ಟ ಹಲ್ಲಿನ ಸೆಟ್ ತೆಗೆದುಕೊಳ್ಳಲು. ನೀನು ಅವರ ಹರೆಯದ ಕಾಲದ ಫೋಟೋ ಕೇಳಿ ತರಿಸಿಕೊಂಡು, ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಚೂರೇ ಚೂರು ಏರಿದ್ದನ್ನು ಗಮನಿಸಿ, ಮೇಣದಲ್ಲಿ ಜೋಡಿಸುವಾಗ ಹಾಗೇ ಓರೆ ಕೂರಿಸಿದ್ದೆಯಂತೆ. ಅವರು ಸೆಟ್ ಹಾಕಿಕೊಂಡ ಮೇಲೆ ಆಕೆ ಗಂಡನ ಮುಖವನ್ನು ತುಂಬ ಹೊತ್ತು ನೋಡಿ, “ಈಗ ನಮ್ಮನೆಯವರ ಥರ ಕಾಣ್ತಿದಾರೆ” ಎಂದರು. ಸೆಟ್ಟಿನ ಡಬ್ಬಿಯ ಮೇಲೆ ‘ತಯಾರಿಸಿದವರು’ ಎಂಬಲ್ಲಿ ಲ್ಯಾಬ್ ಯಜಮಾನರ ಹೆಸರಿನ ಮೊಹರು. ಆಕೆ ಯಜಮಾನರಿಗೆ ಕೈ ಮುಗಿದು ಹೋದರು. ಯಜಮಾನರು ಕೆಟ್ಟವರಲ್ಲ, ನನ್ನ ಕಡೆ ನೋಡದೆ ಆ ನಮಸ್ಕಾರ ತೆಗೆದುಕೊಂಡರು.

ಸಂಜೆ ಅಲ್ಲೇ ಕೂತು ಹೊಸ ಪುಟ ಬರೆದೆ. ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ಹಲ್ಲು ಜೋಡಿಸುವುದು, ಬಣ್ಣ ಹೊಂದಿಸುವುದು, ಉಜ್ಜಿ ಹೊಳಪು ಕೊಡುವುದು, ಹೊಸಬರಿಗೆ ಕಲಿಸುವುದು. ಬೆಳದಿಂಗಳ ಸುದ್ದಿಯಿಲ್ಲ. ಯಜಮಾನರು ಎರಡು ಸಲ ಓದಿ, “ಇದೆಲ್ಲ ನಿಜ” ಎಂದು ಸಹಿ ಹಾಕಿದರು. ನಾನು ಈವರೆಗೆ ಬರೆದದ್ದರಲ್ಲಿ ಇದೇ ಒಳ್ಳೆಯ ಬರಹ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ.

ನಮ್ಮ ಮುಂದಿರುವ ದಾರಿ ಎರಡೇ. ಹೊರದೇಶದ ಆ ಲ್ಯಾಬ್ ಮಾಲೀಕ ಕೆಲಸ ಕೊಟ್ಟು ಕರೆಸಿಕೊಂಡರೆ ನಾಲ್ಕು ತಿಂಗಳಲ್ಲಿ ವಿಮಾನ. ಆದರೆ ಮೂರು ವರ್ಷ ಅವನ ಬಾಗಿಲು ಬಿಟ್ಟು ಕದಲುವಂತಿಲ್ಲ, ಕಾಯಂ ವಾಸ ಆಮೇಲೆ, ಅದೂ ಅವನು ಮನಸ್ಸು ಮಾಡಿ ಬರೆದುಕೊಟ್ಟರೆ. ಕೆಲಸದ ಅನುಭವಕ್ಕೆ, ಇಂಗ್ಲಿಷಿಗೆ ಅಂಕ ಹಾಕಿ ಅಲ್ಲಿಯ ಸರ್ಕಾರವೇ ಆರಿಸುವ ಪಾಯಿಂಟಿನ ದಾರಿಯಲ್ಲಿ ಒಂದೂವರೆ ವರ್ಷ ಕಾಯಬೇಕು, ಇಂಗ್ಲಿಷಿನಲ್ಲಿ ಮೇಲಿನ ದರ್ಜೆ ಬರಬೇಕು. ಬಂದರೆ ಕಾಲಿಟ್ಟ ದಿನದಿಂದಲೇ ಕಾಯಂ ವಾಸ, ಯಾವ ಲ್ಯಾಬಿಗಾದರೂ ಹೋಗು, ಬೇಕಿದ್ದರೆ ನಿನ್ನದೇ ತೆರೆ. ಕೈಗೆ ಸಿಕ್ಕಿದ್ದನ್ನು ಬಿಡಬೇಡ ಎಂದು ನಿನ್ನನ್ನು ಮೊದಲ ದಾರಿಗೆ ತಳ್ಳಿದವನು ನಾನು. ನೀನು ಮೂರನೆಯ ದಿನ ಹೂಂ ಎಂದೆ. ಆ ದಾರಿಗೆ ಪರೀಕ್ಷೆಯಲ್ಲಿ ಬರೀ ಪಾಸಾದರೆ ಸಾಕಲ್ಲ, ಇವಳೇಕೆ ಮೇಲಿನ ದರ್ಜೆಯ ಪುಸ್ತಕಗಳನ್ನೇ ಹೊತ್ತುಕೊಂಡು ಹೋದಳು ಎಂದು ಆಗ ತಲೆಗೆ ಹೊಳೆಯಲಿಲ್ಲ. ನಿನ್ನೆ ಆ ಸ್ಟೂಲಿನ ಮೇಲೆ ಹೊಳೆಯಿತು. ನನ್ನ ಸ್ಥಾನಮಾನವಂತೂ ಎರಡರಲ್ಲೂ ಒಂದೇ. ನನ್ನ ವೃತ್ತಿಗೆ ಪಾಯಿಂಟಮ್ಮ ಕೊಟ್ಟ ಅಂಕ ಸೊನ್ನೆ. ನಗಿಸುವವರ ಕೊರತೆ ಆ ದೇಶಕ್ಕಿಲ್ಲವಂತೆ.

ಅಕ್ಕನಿಗೆ ನಮಸ್ಕಾರ, ಅವರ ಮಕ್ಕಳಿಗೆ ಆಶೀರ್ವಾದ. ಚೆನ್ನಾಗಿ ನಿದ್ದೆ ಮಾಡು.

ಇಂತಿ,
ಸರ್ಕಾರಿ ನಮೂನೆಗಳ ಪ್ರಕಾರ ನಿನ್ನ ಅವಲಂಬಿತ

ವಿ.ಸೂ.: ಭಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಆ ಮಾಲೀಕನಿಗೆ ನೀನು ಸಹಿ ಹಾಕಿಟ್ಟು ಹೋದ ಒಪ್ಪಿಗೆಯನ್ನು ನಾನಿನ್ನೂ ಕಳಿಸಿಲ್ಲ. ಶುಕ್ರವಾರ ಕೊನೆಯ ದಿನ. ಕಳಿಸದಿದ್ದರೆ ಆ ಕೆಲಸ ಹೋಯಿತು. ಶನಿವಾರ ಅಂಕ ಕಡಿಮೆಯಾದರೆ ಸದ್ಯಕ್ಕೆ ಎರಡೂ ಹೋಯಿತು, ಮತ್ತೆ ಪರೀಕ್ಷೆ ಕಟ್ಟೋಣ. ಹೆದರಿಕೆ ಇಲ್ಲ ಎಂದರೆ ಸುಳ್ಳು. ಪಾಯಿಂಟಿನ ಅರ್ಜಿಗೆ ಮುಖ್ಯ ಅರ್ಜಿದಾರರ ನಾಲ್ಕು ಫೋಟೋ ಬೇಕು: ಬಿಳಿ ಹಿನ್ನೆಲೆ, ಬಾಯಿ ಮುಚ್ಚಿರಬೇಕು, ಹಲ್ಲು ಕಾಣುವಂತಿಲ್ಲ. ಭಾವ ಗುರುವಾರ ಮತ್ತೆ ಈ ಕಡೆ ಬರುತ್ತಾರೆ. ಫೋಟೋ ಬಾರದಿದ್ದರೆ ಶುಕ್ರವಾರ ಬೆಳಿಗ್ಗೆ ಒಪ್ಪಿಗೆ ಕಳಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ. ಪಾಯಿಂಟಿನ ದಾರಿಯೇ ಸರಿ ಎನಿಸಿದರೆ ತೆಗೆಸಿ ಅವರ ಕೈಗೆ ಕೊಟ್ಟುಬಿಡು. ಹಿಂಬದಿಯಲ್ಲಿ ನಿನ್ನ ಹೆಸರನ್ನು ನೀನೇ ಬರೆಯಬೇಕಂತೆ, ಕಪ್ಪು ಶಾಯಿಯಲ್ಲಿ.