ಮಹಡಿ ರೂಮಿನ ಪ್ರೊಜೆಕ್ಟರ್

ಶ್ರೀರಾಂಪುರ,
ಬುಧವಾರ

ಅಕ್ಕಾ, ಚೆನ್ನಾಗಿದೀಯಾ?

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೆ ಹಿರಿಯೂರಿಗೆ ಹೊರಟಿರೋ ಮಾಮನ ಕೈಲಿ ಈ ಪತ್ರ ಕಳಿಸ್ತಿದೀನಿ.

ಹೊಳಲ್ಕೆರೆಯಲ್ಲಿ ಓಂಕಾರ್ ಮನೆಯ ಮಹಡಿ ಮೇಲಿನ ಚಿಕ್ಕ ರೂಮಿಗೆ ಪ್ರೊಜೆಕ್ಟರ್ ತಗೋಬೇಕು. ನಿಮ್ಮಿಬ್ಬರ ನಿಶ್ಚಿತಾರ್ಥ ಆದಮೇಲೆ ನೀವೇ ಚಿತ್ರದುರ್ಗಕ್ಕೆ ಹೋಗಿ ಒಂದನ್ನ ಆರಿಸಿಟ್ಟು ಬಂದಿದ್ರಂತಲ್ಲ. ಯಾವುದು ಅಂತ ಅವರಿಗೆ ಮರೆತುಹೋಗೈತೆ. "ನಿಮ್ಮಕ್ಕನ್ನೇ ಕೇಳು. ಅಂಗಡೀಲಿ ಲೈಟೆಲ್ಲ ಹಾಕಿಸಿ, ಬೆಳಕಲ್ಲೂ ಚಿತ್ರ ಕಾಣ್ತೈತಾ ಅಂತ ನೋಡಿದ್ದು ಅವಳೇ" ಅಂದ್ರು. ಬೆಲೆ ಕಡಿಮೆ, ಗೋಡೆಗೆ ಹತ್ತಿರ ಇಟ್ರೂ ದೊಡ್ಡ ಚಿತ್ರ ಬರ್ತಿತ್ತು, ಅಷ್ಟು ಮಾತ್ರ ನೆನಪೈತಂತೆ. ಅದರ ಹೆಸರು ಬರೆದು ಮಾಮನ ಕೈಲೇ ಕೊಡು.

ನನ್ನ ಮೇಲೆ ಕೋಪ ಇಟ್ಕೋಬೇಡ. ನಿನ್ನ ಕೆನ್ನೆ ಮೇಲೆ ಬಿಳಿ ಮಚ್ಚೆ ಎದ್ದಿದ್ದು ನನ್ನಿಂದಲ್ಲ. ಒಳ್ಳೆ ಸಂಬಂಧ ಕೈ ಬಿಟ್ಟು ಹೋಗಬಾರದು ಅಂತ ಅಪ್ಪಾಜಿನೇ "ಚಿಕ್ಕೋಳನ್ನ ಕೊಡ್ತೀವಿ" ಅಂದಿದ್ದು. ಆಗ ನೀನು ಅಡುಗೆಮನೇಲಿ ಓಂಕಾರ್ ಮನೆಯವರಿಗೇ ಕಾಫಿ ಸೋಸ್ತಿದ್ದೆ, ಕೇಳಿಸಿರಬೇಕು.

ಮದುವೆಗೆ ಊಟದ ಹೊತ್ತಿಗೆ ಬಂದ್ರೆ ಸಾಕು. ಅಕ್ಕಿಕಾಳು ಹಾಕುವಾಗ ವಿಡಿಯೋದವರು ಇರ್ತಾರೆ. ಆ ರೂಮಲ್ಲಿ ನಾವು ಮೊದಲು ಹಾಕಿ ನೋಡೋದು ಮದುವೆ ವಿಡಿಯೋನೇ. ಗೋಡೆ ತುಂಬಾ ಕಾಣೋ ಚಿತ್ರದಲ್ಲಿ ಮುಖದ ಮೇಲಿರೋದು ಯಾವುದೂ ಮರೆಯಾಗಲ್ಲ ಅಂತ ಓಂಕಾರ್ ಅವರಮ್ಮ, ನಮ್ಮತ್ತೆ, ಹೇಳಿದ್ರು. ನಾನೂ ಹೌದು ಅಂದೆ.

ನಿನ್ನ ತಂಗಿ,
ಸ್ಪಂದನಾ