ಟೀ ಜರಡಿ ಮತ್ತು ದೋಣಿಯ ಫಿಲ್ಟರ್

ರೀ,

ನೀವು ತಂದ ಫಿಲ್ಟರನ್ನು ದೋಣಿಗೆ ಹಾಕಬೇಡಿ, ಇವತ್ತೇ ವಾಪಸ್ ಕೊಟ್ಟು ಬನ್ನಿ. ತಿರುಪು ಸರಿಯಾಗಿ ಕೂತರೆ ಎಲ್ಲ ಮುಗೀತಾ? ಅದು ಕಸ ಮಾತ್ರ ಹಿಡಿಯುತ್ತೆ, ನಮ್ಮ ಡೀಸೆಲ್‌ನಲ್ಲಿ ನೀರೂ ಇದೆ. ಅಡಿಯಲ್ಲಿ ಗಾಜಿನ ಬಟ್ಟಲು, ನೀರು ಬಿಡೋಕೆ ಪುಟ್ಟ ನಲ್ಲಿ ಇರೋದೇ ಬೇಕು ಅಂತ ಎಷ್ಟು ಸಲ ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು.

ಇಂಜಿನ್ ನಂಬರ್ ಈ ಚೀಟಿಯ ಹಿಂದೆ ಬರೆದಿದ್ದೀನಿ, ಅಂಗಡಿಯವರಿಗೆ ಅದನ್ನೇ ತೋರಿಸಿ.

ಬರುವಾಗ ಟೀ ಸೋಸೋ ಜರಡಿ ತನ್ನಿ. ನನ್ನದರಲ್ಲಿ ನೀವು ಡೀಸೆಲ್ ಸೋಸಿದ್ದು ಬೆಳಗ್ಗೆ ಮೊದಲ ಗುಟುಕಿಗೇ ಗೊತ್ತಾಯ್ತು.

ದೋಣಿ ಕೀಲಿ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಮೊನ್ನೆ ನಡುನೀರಲ್ಲಿ ಇಂಜಿನ್ ನಿಂತಾಗ ನಿಮಗೆ ಹುಟ್ಟು ಹಾಕೋ ಕೆಲಸವಾದರೂ ಇತ್ತು. ದಡದಲ್ಲಿ ನಿಂತು ನೋಡ್ತಿದ್ದ ನನಗೆ ಅದೂ ಇರಲಿಲ್ಲ.