ಅದೇ ಮೆಷಿನ್ನಿನಲ್ಲಿ ಎರಡು ಸಲ ನೋಡಿ ಒತ್ತಿದ ಮೊಹರು

ಖಾಸಗಿ ಪ್ರಯೋಗಾಲಯಗಳಿಗೆ ನೋಂದಣಿ ಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ನಾನು ಬರೆದ ಒಂದು ತಪ್ಪು ಅಂಕಿಯಿಂದಾಗಿ ಹದಿನೇಳು ವರ್ಷದ ಓಟಗಾರ್ತಿಯೊಬ್ಬಳು ಮೂಡುಬಿದಿರೆಯ ತನ್ನ ಕ್ರೀಡಾ ಹಾಸ್ಟೆಲ್ ಬಿಟ್ಟು ಅಳದಂಗಡಿಯ ಹತ್ತಿರದ ಮನೆಯಲ್ಲಿ ಕೂತಿದ್ದಾಳೆ. ತಪ್ಪು ನನ್ನದು. ಅದನ್ನು ರದ್ದು ಮಾಡುವ ಅಧಿಕಾರ ಮಾತ್ರ ನಿಮ್ಮದು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಒಮ್ಮೆ ಬರೆದದ್ದೇ ಅವಳಿಗೆ ಸಾಕಾಗಿದೆ.

ಬಂಟ್ವಾಳದ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೆಕ್ನಿಷಿಯನ್ ಆಗಿದ್ದೇನೆ. ಮೂರು ತಿಂಗಳು ಮುಟ್ಟಾಗದ್ದರಿಂದ ಹಾಸ್ಟೆಲ್ಲಿನ ವೈದ್ಯರು ಆ ಹುಡುಗಿಗೆ, ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟಿರಾನ್ ಹಾರ್ಮೋನಿನ ಪರೀಕ್ಷೆ ಬರೆದಿದ್ದರು. ಮಧ್ಯಾಹ್ನದ ಬಸ್ಸಿನಲ್ಲಿ ಐಸ್ ಡಬ್ಬಿಯೊಳಗೆ ರಕ್ತ ಬಂತು. ಡೆಸಿಲೀಟರಿಗೆ 98 ನ್ಯಾನೊಗ್ರಾಂ ಎಂದಿತು ಮೆಷಿನ್. ಹೆಂಗಸರಲ್ಲಿ ಅರವತ್ತರೊಳಗಿರಬೇಕು ಎನ್ನುತ್ತದೆ ನಮ್ಮ ವರದಿಯ ಪಟ್ಟಿ. ಅಂಕಿ ಕೆಂಪಾಗಿ ಬಂದರೆ ಇನ್ನೊಮ್ಮೆ ಹಾಕಿ ನೋಡುವುದು ನಮ್ಮ ಪದ್ಧತಿ. ನೋಡಿದೆ, ಅದೇ ಮೆಷಿನ್ನಿನಲ್ಲಿ. 96 ಬಂತು. ಎಂಥಾ ಜವಾಬ್ದಾರಿಯ ಮನುಷ್ಯ ನಾನು ಎಂದುಕೊಂಡು ‘ಮರುಪರೀಕ್ಷಿಸಿ ಖಚಿತಪಡಿಸಲಾಗಿದೆ’ ಎಂಬ ಮೊಹರು ಒತ್ತಿದೆ. ಸುಳ್ಳು ಹೇಳಿದವನನ್ನೇ ಕರೆದು ‘ನೀನು ಹೇಳಿದ್ದು ನಿಜವೋ’ ಎಂದು ಕೇಳಿ, ಅವನು ಹೌದೆಂದದ್ದನ್ನು ಸಾಕ್ಷಿ ಎಂದು ಬರೆದುಕೊಂಡ ಹಾಗಾಯಿತು.

ವರದಿ ಯಾರ ಕಣ್ಣಿಗೋ ಬಿತ್ತು, ಹಾಸ್ಟೆಲ್ ತುಂಬ ಗುಸುಗುಸು ಎದ್ದಿತು. ‘ಸಂಶಯ ತೀರುವವರೆಗೆ ಮನೆಯಲ್ಲಿರಲಿ’ ಎಂದು ಕಳುಹಿಸಿದರು. ವಾರ ಕಳೆದು ಅವಳ ತಾಯಿ ಎರಡು ಬಸ್ಸು ಬದಲಿಸಿ ನಮ್ಮ ಲ್ಯಾಬಿಗೆ ಬಂದರು. ಕೌಂಟರಿನ ಮೇಲೆ ವರದಿ ಇಟ್ಟು, ಪಕ್ಕದವರಿಗೆ ಕೇಳದಂತೆ ಸಣ್ಣ ಸ್ವರದಲ್ಲಿ ಕೇಳಿದರು: “ಅಣ್ಣಾ, ನನ್ನ ಮಗಳು ಹೆಣ್ಣೇ ಅಲ್ವಾ? ಒಮ್ಮೆ ಸರಿಯಾಗಿ ನೋಡಿ ಹೇಳಿ ಮಾರಾಯ್ರೆ.”

ನಾನು ಕೊಟ್ಟ ಉತ್ತರ ಇದು: “ಎರಡು ಸಲ ನೋಡಿದ್ದೇನೆ ಅಕ್ಕ. ಮೆಷಿನ್ ಸುಳ್ಳು ಹೇಳುದಿಲ್ಲ.”

ಆ ಮಾತನ್ನು ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ. ಅಂಕಿ ನಿಜವೇ ಆಗಿದ್ದರೂ ಅವಳು ಹೆಣ್ಣಲ್ಲ ಎಂದಾಗುತ್ತಿತ್ತೇ? ಎಷ್ಟೋ ಹೆಂಗಸರಿಗೆ ಆ ಹಾರ್ಮೋನು ತುಸು ಹೆಚ್ಚಿರುತ್ತದೆ, ಅದಕ್ಕೆ ಚಿಕಿತ್ಸೆಯೂ ಉಂಟು. ಅಷ್ಟು ಹೇಳಲು ನನಗೆ ಯಾವ ಮೆಷಿನ್ನೂ ಬೇಕಿರಲಿಲ್ಲ.

ಆಮೇಲೆ, ಆ ತಾಯಿ ವರದಿ ತೋರಿಸಿದ್ದ ಉಜಿರೆಯ ವೈದ್ಯೆಯೊಬ್ಬರು ಫೋನು ಮಾಡಿ, “ಉಳಿದ ಸೀರಮ್ ಉಂಟಾ? ಯಾವ ವಿಧಾನದಲ್ಲಿ ನೋಡಿದ್ದು?” ಎಂದು ಕೇಳಿದರು. ಹತ್ತೊಂಬತ್ತು ವರ್ಷಗಳಲ್ಲಿ ಆ ಎರಡನೆಯ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಮೆಷಿನ್ ಪ್ರತಿಕಾಯಗಳ, ಅಂದರೆ ಆಂಟಿಬಾಡಿಗಳ, ಮೂಲಕ ಟೆಸ್ಟೋಸ್ಟಿರಾನನ್ನು ಹಿಡಿಯುತ್ತದೆ. ಅದನ್ನೇ ಹೋಲುವ ಬೇರೆ ಹಾರ್ಮೋನುಗಳನ್ನೂ ಕೆಲವೊಮ್ಮೆ ಹಿಡಿದು ಲೆಕ್ಕಕ್ಕೆ ಸೇರಿಸುತ್ತದೆ. ಗಂಡಸರಲ್ಲಿ ಪ್ರಮಾಣ ಹತ್ತಾರು ಪಟ್ಟು ಹೆಚ್ಚಿರುವುದರಿಂದ ಆ ತಪ್ಪು ಕಾಣುವುದಿಲ್ಲ. ಹೆಂಗಸರಲ್ಲಿ ಅದೇ ದೊಡ್ಡದಾಗುತ್ತದೆ. ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ. ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಇನ್ನೊಂದು ವಿಧಾನ ಒಂದೊಂದನ್ನೂ ಬೇರ್ಪಡಿಸಿ ಗುರುತಿಸುತ್ತದೆ. ಅವಳ ರಕ್ತದಿಂದ ಬೇರ್ಪಡಿಸಿ ಫ್ರೀಜರಿನಲ್ಲಿಟ್ಟಿದ್ದ ಅದೇ ಸೀರಮನ್ನು ಆ ಪರೀಕ್ಷೆಗೆ ದೊಡ್ಡ ಲ್ಯಾಬಿಗೆ ಕಳುಹಿಸಿದೆವು. ಬಂದದ್ದು 41.

ಮಾನ್ಯರೇ, ನಿಮ್ಮ ಕಚೇರಿಯವರು ನಮ್ಮಲ್ಲಿಗೆ ತಪಾಸಣೆಗೆ ಬರುತ್ತಾರೆ. ಕಸದ ಡಬ್ಬಿಗಳ ಬಣ್ಣ ನೋಡುತ್ತಾರೆ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದ್ದೇವೆಯೇ ಎಂದು ನೋಡುತ್ತಾರೆ, ಬೊಂಡದ ಎಳನೀರು ಕುಡಿದು ಹೋಗುತ್ತಾರೆ. ಹೆಂಗಸರ ರಕ್ತದಲ್ಲಿರುವ ಇಷ್ಟು ಕಡಿಮೆ ಪ್ರಮಾಣವನ್ನು ಈ ಮೆಷಿನ್ ಅಳೆಯಬಲ್ಲದೇ ಎಂದು ಕೇಳಿದ್ದುಂಟೇ? ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಹೊಸ ವರದಿ ಹಿಡಿದು ಹಾಸ್ಟೆಲ್ಲಿಗೆ ಹೋದೆ. “ಮೊದಲಿನದ್ದರಲ್ಲಿ ಖಚಿತಪಡಿಸಲಾಗಿದೆ ಅಂತ ಮೊಹರು ಉಂಟು, ಇದರಲ್ಲಿ ಇಲ್ಲ. ಅಧಿಕಾರಿಗಳ ಪತ್ರ ತನ್ನಿ, ನೋಡುವ” ಎಂದರು. ನಿಮಗೆ ಎರಡು ಅರ್ಜಿ ಬರೆದೆ. ಎರಡಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ತಾವೂ ನನ್ನ ಹಾಗೆ ಅದೇ ಮೆಷಿನ್ನಿನಲ್ಲಿ ಎರಡು ಸಲ ಹಾಕಿ ನೋಡುತ್ತಿದ್ದೀರೇನೋ.

ಹೋದ ಭಾನುವಾರ ಅವಳ ಮನೆಗೆ ಹೋಗಿ, ತಪ್ಪೊಪ್ಪಿಗೆಯನ್ನು ಬರೆದು ಸಹಿ ಹಾಕಿ ಕೊಟ್ಟೆ. ತಾಯಿ ಕುಡಿಯಲು ನೀರು ಬೆಲ್ಲ ತಂದಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಹುಡುಗಿ ಜಗಲಿಯಲ್ಲಿ ನಿಂತು ಕಾಗದವನ್ನು ಪೂರ್ತಿ ಓದಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಇದಕ್ಕೆ ಮೊಹರು ಇಲ್ವಾ ಅಣ್ಣಾ?”

ಬರುವ ತಿಂಗಳ ಹನ್ನೆರಡಕ್ಕೆ ಆಯ್ಕೆ ಓಟ. ಅದಕ್ಕೂ ಮೊದಲು ನನ್ನ ವರದಿ ರದ್ದಾಗಿದೆ ಎಂದು ಹಾಸ್ಟೆಲ್ಲಿಗೆ ಬರೆಯಿರಿ. ಹೆಂಗಸರ ಈ ಪರೀಕ್ಷೆಯ ಪ್ರತಿ ವರದಿಯಲ್ಲೂ ವಿಧಾನವನ್ನು ನಮೂದಿಸಬೇಕು, ಅಂಕಿ ಹೆಚ್ಚು ಬಂದರೆ ಬೇರೆ ವಿಧಾನದಲ್ಲಿ ನೋಡದೆ ಖಚಿತವೆನ್ನಬಾರದು ಎಂದು ಆದೇಶಿಸಿ. ನನ್ನ ಮೇಲೆ ಏನು ಕ್ರಮ ಕೈಗೊಂಡರೂ ತಕರಾರಿಲ್ಲ. ನನ್ನ ಮೊಹರನ್ನು ರಿಜಿಸ್ಟರ್ ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳುಹಿಸಿದ್ದೇನೆ. ಇನ್ನು ನಿಮ್ಮದನ್ನು ಒತ್ತಿ.

ಇಂತಿ,
ಎರಡು ಸಲ ನೋಡಿಯೂ ಕಾಣದವನು,
ಧನರಾಜ್
ಲ್ಯಾಬ್ ಟೆಕ್ನಿಷಿಯನ್, ಬಂಟ್ವಾಳ